ಲೆಕ್ಕಕ್ಕುಂಟು, ಫೋಟೋಗಿಲ್ಲ

ಫೋಟೋ ಚೆನ್ನಾಗಿ ಬರಬೇಕಾದರೆ ಏನು ಮಾಡಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು, ಲೆನ್ಸ್ ಒರೆಸಿ ಅಂತ. ಉಪ್ಪಾರಹಳ್ಳಿಯಲ್ಲಿ ಒಂದು ಅಂಗಡಿಯ ಮೇಲಿನ ರೂಮಿನಲ್ಲಿ ಭಾನುವಾರ ಬೆಳಗ್ಗೆ ಮೊಬೈಲ್ ಫೋಟೋಗ್ರಫಿ ಕ್ಲಾಸ್ ನಡೆಸುತ್ತೇನೆ. ಉಳಿದ ದಿನಗಳಲ್ಲಿ ಮದುವೆ, ನಾಮಕರಣ ಅಂತ ಕ್ಯಾಮೆರಾ ಹೊತ್ತುಕೊಂಡು ಅಲೆಯುತ್ತೇನೆ. ಕ್ಲಾಸಿಗೆ ಸತ್ಯಮಂಗಲದ ಫ್ಯಾಕ್ಟರಿಗಳಲ್ಲಿ ದುಡಿಯುವವರು ಬರುತ್ತಾರೆ, ಮನೆಯಲ್ಲಿ ನಿಪ್ಪಟ್ಟು ಚಕ್ಕುಲಿ ಮಾಡಿ ವಾಟ್ಸಾಪಿನಲ್ಲಿ ಮಾರುವ ಹೆಂಗಸರು ಬರುತ್ತಾರೆ. ಎಲ್ಲರಿಗೂ ಯಾವ ಫೋನ್ ಒಳ್ಳೆಯದು ಅನ್ನುವುದೊಂದೇ ಚಿಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೆಳಗ್ಗೆ ತಿಂದ ಚಿತ್ರಾನ್ನದ ಎಣ್ಣೆ ಲೆನ್ಸಿನ ಮೇಲೆ ಹಾಗೇ ಇರುತ್ತದೆ, ಫೋಟೋ ಮಬ್ಬು ಬಂತು ಅಂತ ಕಂಪನಿಯನ್ನು ಬೈಯುತ್ತಾರೆ.

ಎರಡನೆಯ ಪಾಠ, ಅಂಚು ನೋಡುವುದು. ಮುಖವನ್ನು ನೋಡಿ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅದನ್ನು ಎಲ್ಲರೂ ನೋಡುತ್ತಾರೆ. ಬಟನ್ ಒತ್ತುವ ಮೊದಲು ಕಣ್ಣನ್ನು ಒಂದು ಸಲ ಚೌಕಟ್ಟಿನ ನಾಲ್ಕೂ ಕಡೆ ಸುತ್ತಿಸಿಕೊಂಡು ಬರಬೇಕು. ಅರ್ಧ ಬಕೆಟ್ಟು, ಯಾರದ್ದೋ ಮೊಣಕೈ, ನಾಯಿಯ ಬಾಲ ಎಲ್ಲ ಸಿಗುವುದು ಅಲ್ಲೇ. ಇದನ್ನು ನನಗೆ ಯಾವ ಗುರುವೂ ಕಲಿಸಲಿಲ್ಲ. ನಮ್ಮ ಸೋದರತ್ತೆ ಇದ್ದದ್ದೇ ಫೋಟೋದ ಅಂಚಿನಲ್ಲಿ, ಅವಳನ್ನು ಹುಡುಕಿ ಹುಡುಕಿ ನನ್ನ ಕಣ್ಣು ಅಲ್ಲಿಗೆ ಹೋಗುವುದನ್ನು ಕಲಿಯಿತು.

ನಾನು ಒಬ್ಬಳೇ ಮಗಳು. ಅಪ್ಪ, ಅಮ್ಮ, ನಾನು, ಒಟ್ಟು ಮೂರೇ ಜನ. ನಮ್ಮ ಕಡೆ ಮೂರು ಜನ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ. ಹಾಗೆ ನಿಂತರೆ ನಡುವೆ ನಿಂತವರಿಗೆ ಆಗಿಬರುವುದಿಲ್ಲ, ಜೀವಕ್ಕೇ ಸಂಚಕಾರ ಅನ್ನುತ್ತಾರೆ. ಈಗಲೂ ಮದುವೆ ಮನೆಯಲ್ಲಿ ಮೂವರು ನಿಂತಾಗ ನಾನು ಕ್ಯಾಮೆರಾ ಎತ್ತಿದರೆ, ಅಡುಗೆಯವರನ್ನಾದರೂ ಎಳೆದು ತಂದು ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹೀಗೆ ನಿಲ್ಲಿಸಿಕೊಳ್ಳಲು ಇದ್ದವಳು ಅಪ್ಪನ ತಂಗಿ.

ಅತ್ತೆಯ ಗಂಡ ಇನ್ನೊಬ್ಬಳನ್ನು ಮನೆಗೆ ತಂದಾಗ ಅತ್ತೆ ಸೆರಗು ಕೊಡವಿಕೊಂಡು ಚೇಳೂರಿನ ತೌರಿಗೆ ವಾಪಸು ಬಂದಳು. ಬಿಟ್ಟು ಬಂದವಳು ಅವಳು. ಆದರೆ ಊರು ಅವಳನ್ನು ಗಂಡ ಬಿಟ್ಟವಳು ಅಂತ ಕರೆಯಿತು, ಅಮ್ಮ ಎಲ್ಲರಿಗಿಂತ ಜೋರಾಗಿ ಕರೆದಳು. ಪ್ರತಿ ಯುಗಾದಿಗೆ ನಾವು ಹೊಸ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಗುಬ್ಬಿಯ ಸ್ಟುಡಿಯೋಗೆ ಹೋಗುತ್ತಿದ್ದೆವು. ಅತ್ತೆ ಜೊತೆಗೆ ಬರಲೇಬೇಕಿತ್ತು. ಸ್ಟುಡಿಯೋದವನು ಲೈಟು ಹಾಕಿದ ಮೇಲೆ ಅಮ್ಮ ಅತ್ತೆಯ ಕಡೆ ತಿರುಗಿ, "ಒಸಿ ದೂರ ನಿಂತ್ಕೊಳವ್ವ, ಕತ್ತರ್ಸೋಕೆ ಜಾಗ ಬೇಕು" ಅನ್ನುತ್ತಿದ್ದಳು. ಅತ್ತೆ ಸರಿಯುತ್ತಿದ್ದಳು. ಫೋಟೋ ತೊಳೆದು ಬಂದ ಮೇಲೆ ಅವನು ಅವಳಿರುವಷ್ಟು ಅಗಲವನ್ನು ಕತ್ತರಿಸಿ ಬುಟ್ಟಿಗೆ ಹಾಕಿ, ನಮ್ಮ ಮೂವರನ್ನು ಕಟ್ಟು ಹಾಕಿಸಿ ಕೊಡುತ್ತಿದ್ದ.

ಹೀಗೆ ಕತ್ತರಿಸಿದರೆ ಮತ್ತೆ ಮೂರೇ ಆಯಿತಲ್ಲ ಅಂತ ನಾನು ಅಮ್ಮನನ್ನು ಕೇಳಿದ್ದೆ. ದೇವರು ನೋಡುವುದು ಬಟನ್ ಒತ್ತುವಾಗ ಎಷ್ಟು ಜನ ನಿಂತಿದ್ದರು ಅನ್ನುವುದನ್ನು ಮಾತ್ರ, ಆಮೇಲೆ ಕತ್ತರಿಸಿದ್ದು ಮನುಷ್ಯರ ಇಷ್ಟ ಅಂದಳು. ಹಾಗಾದರೆ ಪಕ್ಕದ ಮನೆಯವರನ್ನೇ ಕರೆಯಬಹುದಲ್ಲ ಅಂದೆ. "ಬೇರೆಯೋರ್ನ ಕರೆದು ಕತ್ತರ್ಸೋಕಾಯ್ತದೇನೇ? ಬೇಜಾರ್ ಮಾಡ್ಕೊಳಲ್ವಾ?" ಅಂದಳು. ಅತ್ತೆ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರೆ, ನಮ್ಮತ್ತೆಯದು ತಿರುಗುಮುರುಗು. ಲೆಕ್ಕಕ್ಕೆ ಬೇಕು, ಫೋಟೋಗೆ ಬೇಡ. ಅಪ್ಪ ಮಾತ್ರ ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ಇರುತ್ತಿದ್ದ. ಫೋಟೋ ತೆಗೆಸುವಾಗ ಪಕ್ಕದಲ್ಲಿ ತಂಗಿ ನಿಂತಿದ್ದಾಳೆ ಅಂತ ಅವನು ಒಮ್ಮೆಯೂ ತಿರುಗಿ ನೋಡಿದ್ದು ನನಗೆ ನೆನಪಿಲ್ಲ. ನನಗೆ ಅಮ್ಮನಿಗಿಂತ ಅಪ್ಪನ ಮೇಲೇ ಹೆಚ್ಚು ಸಿಟ್ಟು, ಈಗಲೂ.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅತ್ತೆ ಕುಣಿಗಲ್ಲಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಹಿಡಿದು ಹೋದಳು. ಅಲ್ಲೇ ಒಂದು ರೂಮು ಬಾಡಿಗೆಗೆ ಹಿಡಿದಳು. ಆಮೇಲೂ ಫೋಟೋ ಅಂದರೆ ಅಮ್ಮ ಫೋನ್ ಮಾಡುತ್ತಿದ್ದಳು, ಅತ್ತೆ ಬಸ್ಸು ಹತ್ತಿ ಬರುತ್ತಿದ್ದಳು. ಊಟ ಮಾಡಿ, ನಿಂತು, ಕತ್ತರಿಸಿಕೊಂಡು ಹೋಗುತ್ತಿದ್ದಳು.

ಹೋದ ವರ್ಷ ಕುಣಿಗಲ್ಲಿನಲ್ಲಿ ಒಂದು ಮದುವೆ ಕೆಲಸ ಮುಗಿಸಿಕೊಂಡು ಅತ್ತೆಯ ರೂಮಿಗೆ ಹೋದೆ. ಅಪ್ಪ ಅಮ್ಮ ಉಪ್ಪಾರಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು, ಗೃಹಪ್ರವೇಶಕ್ಕೆ ಹಾಲಿನ ಗೋಡೆಗೆ ಹಾಕಲು ಒಂದು ದೊಡ್ಡ ಫೋಟೋ ತೆಗೆಯಬೇಕಿತ್ತು. ಅತ್ತೆ ಕಾಫಿ ಕೊಟ್ಟು ಎದುರಿಗೆ ಕೂತಳು.

"ಹೊಸ ಮನೆ ಗೋಡೆಗೆ ಫೋಟೋ ತೆಗೀತೀಯಂತಲ್ಲ ಮಗ. ಈ ಸಲ ನನ್ನೂ ಇಟ್ಕೊಳೇ."

ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಕತ್ತರಿಸದೆ ಇರುವ ಒಂದು ಕಾಪಿ ಅವಳಿಗೂ ಕೊಡುತ್ತೇನೆ, ರೂಮಿನಲ್ಲಿ ಹಾಕಿಕೊಳ್ಳಲಿ ಅಂದೆ.

"ನನ್ ಗೋಡೆಗೆ ನಾನೇ ತಗಲಾಕ್ಕೊಂಡು ಏನ್ ಮಾಡ್ಲಿ? ನಮ್ಮಣ್ಣನ ಗೋಡೆ ಮೇಲೆ ಇರ್ಬೇಕು ಕಣೇ. ಆ ಮನೇಗೆ ಬಂದೋರು, ಇವ್ಳು ಯಾರು ಅಂತ ಕೇಳ್ಬೇಕು. ಅವ್ನು ನನ್ ತಂಗಿ ಅನ್ಬೇಕು. ಅಷ್ಟೇ ಬುಡು."

ಆಗಲಿ ಅಂದೆ. ಅಂದ ಮೇಲೆ ಹೇಗೆ ಮಾಡುವುದು ಅಂತ ತಲೆ ಕೆಡಿಸಿಕೊಂಡೆ. ಬೇರೆಯವರ ಮನೆಯ ನೂರೆಂಟು ಗುಂಪು ಫೋಟೋ ತೆಗೆದ ಬುದ್ಧಿಯನ್ನೆಲ್ಲ ಅದಕ್ಕೆ ಸುರಿದೆ. ಗುಂಪು ಫೋಟೋದಲ್ಲಿ ಇಬ್ಬರ ನಡುವೆ ಗಾಳಿ ಆಡಬಾರದು, ಭುಜಕ್ಕೆ ಭುಜ ತಾಗಿರಬೇಕು ಅಂತ ನಾನು ಕ್ಲಾಸಿನಲ್ಲಿ ಹೇಳುತ್ತೇನೆ. ಹಾಗೆ ನಿಂತರೆ ಕತ್ತರಿ ಆಡಿಸುವುದಕ್ಕೂ ಜಾಗ ಇರುವುದಿಲ್ಲ. ಅತ್ತೆಯನ್ನು ಅಂಚಿನಿಂದ ಎಬ್ಬಿಸಿ ಅಪ್ಪನಿಗೂ ನನಗೂ ಮಧ್ಯೆ ನಿಲ್ಲಿಸಿದರೆ ಅಮ್ಮ ಏನು ಕತ್ತರಿಸಿಯಾಳು?

ಚೇಳೂರಿನ ಹಳೆ ಮನೆಯಲ್ಲೇ ತೆಗೆದೆ. ಅಮ್ಮನಿಗೆ ತೆಂಗಿನ ತೋಟದ ಮುಂದೆ ನಿಲ್ಲಬೇಕಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ತೆಂಗಿನ ಗರಿಯ ನೆರಳು ಮುಖದ ಮೇಲೆ ಬಿದ್ದರೆ ಎಂಥ ಚೆಲುವೆಗೂ ಪಟ್ಟೆ ಪಟ್ಟೆ ಬರುತ್ತದೆ ಅಂತ ಹೆದರಿಸಿ ಜಗಲಿಗೆ ಕರೆದುಕೊಂಡು ಬಂದೆ. ಸೂರು ಮುಗಿಯುವ ಕಡೆ, ನೆರಳಿನ ಒಳಗೇ ಬಾಗಿಲ ಕಡೆ ಬೆನ್ನು ಮಾಡಿ ನಿಂತರೆ ಬೆಳಕು ಮೆತ್ತಗೆ ಎದುರಿನಿಂದ ಬರುತ್ತದೆ. ಮುಂದೆ ನೆಲಕ್ಕೆ ಅಪ್ಪನ ಬಿಳಿ ಪಂಚೆ ಹಾಸಿದೆ. ಅದರಿಂದ ಬೆಳಕು ಪುಟಿದು ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ, ಖರ್ಚಿಲ್ಲ. ಅತ್ತೆ ಕಪ್ಪಗಿದ್ದಾಳೆ. ಅಮ್ಮನ ಬಿಳಿ ಮುಖಕ್ಕೆ ಬೆಳಕು ಹೊಂದಿಸಿದರೆ ಅತ್ತೆ ಮಸಿಯಾಗುತ್ತಾಳೆ, ಎಲ್ಲ ಸ್ಟುಡಿಯೋದವರೂ ಅದನ್ನೇ ಮಾಡಿದ್ದರು. ನಾನು ಅತ್ತೆಯ ಕೆನ್ನೆಗೆ ಹೊಂದಿಸಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಟೈಮರ್ ಇಟ್ಟು ಓಡಿ ಬಂದು, ಅತ್ತೆಯ ತೋಳಿನೊಳಗೆ ತೋಳು ಹಾಕಿ ನಿಂತೆ. ಅಮ್ಮ ಕತ್ತು ಚಾಚಿ ನೋಡಿ, ಮತ್ತೆ ಕ್ಯಾಮೆರಾ ಕಡೆ ತಿರುಗಿದಳು.

ಅಷ್ಟು ಒಳ್ಳೆಯ ಫೋಟೋ ನಾನು ಅದಕ್ಕೆ ಮೊದಲು ತೆಗೆದಿರಲಿಲ್ಲ. ಅಮ್ಮನ ವಾಟ್ಸಾಪಿಗೆ ಕಳಿಸಿದೆ. ನೋಡಿದಳು, ಉತ್ತರ ಬರಲಿಲ್ಲ. ಗೆದ್ದೆ ಅಂದುಕೊಂಡೆ.

ಮುಂದಿನ ಭಾನುವಾರ ಅಮ್ಮ ನನ್ನ ಕ್ಲಾಸಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ಮಗಳ ವಿದ್ಯೆಯನ್ನು ಈಗಲಾದರೂ ನೋಡಲು ಬಂದಳಲ್ಲ ಅಂತ ನನಗೆ ಖುಷಿಯೇ ಆಯಿತು. ಅವತ್ತು ಫೋಟೋದಲ್ಲಿ ಬಂದ ಕರೆಂಟ್ ವೈರು, ಪ್ಲಾಸ್ಟಿಕ್ ಕವರು ಇಂಥವನ್ನು ಫೋನಿನಲ್ಲೇ ಅಳಿಸುವುದು ಹೇಗೆ ಅಂತ ತೋರಿಸುತ್ತಿದ್ದೆ. ಅಮ್ಮ ಕೈ ಎತ್ತಿದಳು.

"ಮನುಷ್ಯರೂ ಹೋಗ್ತಾರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರು ಬೇಕಾದರೂ ಹೋಗುತ್ತಾರೆ, ಬೆರಳಿನಿಂದ ಉಜ್ಜಿದರೆ ಸಾಕು, ಹಿಂದಿನ ಗೋಡೆಯನ್ನು ಫೋನೇ ಬರೆದುಕೊಳ್ಳುತ್ತದೆ ಅಂದೆ. ಅಮ್ಮ ತಲೆ ಆಡಿಸಿ, ಪಕ್ಕದ ಹುಡುಗಿಯ ಹತ್ತಿರ ಇನ್ನೊಂದು ಸಲ ಕೇಳಿ ಕಲಿತುಕೊಂಡಳು. ನನ್ನ ಇಷ್ಟು ವರ್ಷದ ಕ್ಲಾಸಿನಲ್ಲಿ ಅಷ್ಟು ಶ್ರದ್ಧೆಯ ವಿದ್ಯಾರ್ಥಿ ಬಂದಿಲ್ಲ.

ಗೋಡೆಯ ಫೋಟೋದ ಪ್ರಿಂಟ್ ತಾನೇ ಹಾಕಿಸುತ್ತೇನೆ, ನೀನು ಮದುವೆ ಸೀಸನ್ನಿನಲ್ಲಿ ಒದ್ದಾಡುತ್ತಿದ್ದೀಯ ಅಂದಳು ಅಮ್ಮ. ಗೃಹಪ್ರವೇಶದ ದಿನ ಬೆಳಗ್ಗೆ ಹೋಮದ ಹೊಗೆಯ ಮಧ್ಯೆ ಹಾಲಿಗೆ ಹೋದೆ. ಸೋಫಾದ ಮೇಲಿನ ಗೋಡೆಯಲ್ಲಿ ಬಾಗಿಲಷ್ಟು ದೊಡ್ಡ ಫೋಟೋ ಇತ್ತು. ಅಮ್ಮ, ಅಪ್ಪ, ನಾನು. ಅತ್ತೆ ನಿಂತಿದ್ದ ಕಡೆ ಚೇಳೂರಿನ ಮನೆಯ ಬಾಗಿಲು ಬಂದು ಕೂತಿತ್ತು. ಸಂದು ಕಾಣಬಾರದು ಅಂತ ಪ್ರಿಂಟಿನ ಅಂಗಡಿಯವರು ನನ್ನನ್ನು ಅಪ್ಪನ ಕಡೆಗೆ ಒಂದಿಷ್ಟು ಸರಿಸಿಬಿಟ್ಟಿದ್ದರು. ನನ್ನ ಮೊಣಕೈ ಮಾತ್ರ ಮಡಿಚಿಕೊಂಡು ಏನನ್ನೂ ಹಿಡಿಯದೆ ಹಾಗೇ ನಿಂತಿತ್ತು.

ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದು ಕೇಳಿದೆ. ಹೊಸ ಮನೆ, ಒಳ್ಳೆಯದು ಕೆಟ್ಟದ್ದು ನೋಡಬೇಡವಾ, ಗಂಡನ ಜೊತೆ ಬಾಳದವಳನ್ನು ಬಾಗಿಲ ಎದುರಿಗೆ ಹಾಕಿಕೊಳ್ಳುತ್ತಾರಾ ಅಂದಳು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಮ್ಮ ಪಾಯಸಕ್ಕೆ ಗೋಡಂಬಿ ಹುರಿಯುತ್ತಲೇ ಕೇಳಿಸಿಕೊಂಡಳು. ಅಪ್ಪನನ್ನು ಕೇಳಿದರೆ, "ನಿಮ್ಮಮ್ಮನ್ನ ಕೇಳು" ಅಂತ ಪುರೋಹಿತರ ಕಡೆ ಹೋದ.

ಆ ಹೊತ್ತಿಗೆ ಅತ್ತೆ ಕುಣಿಗಲ್ಲಿನಿಂದ ಬಂದಳು. ಹೊಸ ರೇಷ್ಮೆ ಸೀರೆ ಉಟ್ಟಿದ್ದಳು. ಒಳಗೆ ಬಂದವಳು ದೇವರ ಕಡೆಗೂ ತಿರುಗದೆ ನೇರ ಹಾಲಿಗೆ ಹೋಗಿ ಗೋಡೆ ನೋಡಿದಳು. ನಾನು ಪಕ್ಕದಲ್ಲಿ ಹೋಗಿ ನಿಂತೆ. ಅತ್ತೆ ಫೋಟೋದಲ್ಲಿದ್ದ ನನ್ನ ಮೊಣಕೈಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನೀನೇನೋ ನನ್ನ ಇಟ್ಕೊಂಡಿದ್ದೆ ಬುಡು" ಅಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಕೂತಳು, ಎಲೆಯಲ್ಲಿ ಏನನ್ನೂ ಬಿಡದೆ ಉಂಡಳು. ನೆಂಟರೆಲ್ಲ ಎದ್ದು ತಾಂಬೂಲ ತೆಗೆದುಕೊಳ್ಳುವ ಹೊತ್ತಿಗೆ ಅಮ್ಮನಿಗೆ ಹೊಸ ಬಾಗಿಲ ಮುಂದೆ ಮನೆಯವರದೊಂದು ಫೋಟೋ ಬೇಕು ಅನ್ನಿಸಿತು. ಅಪ್ಪನನ್ನು ಎಳೆದು ನಿಲ್ಲಿಸಿದಳು, ನನ್ನನ್ನು ಕರೆದಳು, ಆಮೇಲೆ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಗೆ, "ಬಾರವ್ವ ಬೇಗ, ಮೂರ್ ಜನ ಆಯ್ತೀವಿ" ಅಂದಳು. ಅಷ್ಟು ಜನ ನೆಂಟರ ಎದುರಿಗೆ, ನಾಚಿಕೆಯ ಒಂದು ಎಳೆಯೂ ಇಲ್ಲದೆ. ನಾನು ಬೇಡ ಅನ್ನುವ ಮೊದಲೇ ಅತ್ತೆ ಎದ್ದು ಬಂದಳು. ಯಾರೂ ಹೇಳದಿದ್ದರೂ ತುದಿಗೆ ಹೋಗಿ, ಕತ್ತರಿಸಲು ಬೇಕಾದಷ್ಟು ಜಾಗ ಬಿಟ್ಟು ನಿಂತಳು.

ಟೈಮರ್ ಇಟ್ಟು ನಾನು ಅಪ್ಪನ ಪಕ್ಕಕ್ಕೆ ಓಡಿದೆ. ಕ್ಯಾಮೆರಾದ ಕೆಂಪು ದೀಪ ಮೊದಲು ನಿಧಾನಕ್ಕೆ ಮಿಟುಕುತ್ತದೆ, ಕೊನೆಗೆ ಜೋರಾಗಿ ಮಿಟುಕುತ್ತದೆ. ಜೋರಾದ ತಕ್ಷಣ ಅತ್ತೆ ಸೀರೆಯ ನೆರಿಗೆ ಎತ್ತಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ, ಚೌಕಟ್ಟಿನ ಆಚೆಗೆ ಇಟ್ಟಳು. ಅವಸರವೇನೂ ಇರಲಿಲ್ಲ. ನಾವು ಮೂವರೂ ಅವಳ ಕಡೆ ತಿರುಗಿದೆವು. ಕ್ಯಾಮೆರಾ ಕ್ಲಿಕ್ ಅಂದಿತು.

ಅಮ್ಮನ ಮುಖ ಬಿಳುಚಿಕೊಂಡಿತು. ಫೋಟೋದಲ್ಲಿ ಮೂವರೇ ಆಗಿದ್ದೆವು, ನಡುವೆ ನಿಂತಿದ್ದವನು ಅಪ್ಪ. "ಅಳಿಸೇ ಅದ್ನ, ಮೊದ್ಲು ಅಳಿಸು" ಅಂತ ನನ್ನ ಕೈ ಹಿಡಿದುಕೊಂಡಳು. ಅಳಿಸಿದರೂ ನಿಂತದ್ದು ನಿಂತದ್ದೇ ಅಲ್ಲವಾ ಅಂದೆ. ಅವಳ ದೇವರು, ಅವಳ ಲೆಕ್ಕ. ಅಮ್ಮ ಅಲ್ಲೇ ಬಾಗಿಲ ಮುಂದೆ ಕುಸಿದು ಕೂತು, ಮನೆಹಾಳಿ, ಅಣ್ಣನ ತಲೆ ಮೇಲೆ ಕೈ ಇಟ್ಟುಬಿಟ್ಟಳು ಅಂತ ಅತ್ತೆಗೆ ಶಾಪ ಹಾಕತೊಡಗಿದಳು. ನೆಂಟರು ಸುತ್ತುಗಟ್ಟಿದರು. ಇಷ್ಟು ವರ್ಷ ಯಾರನ್ನೋ ಅಂಚಿಗೆ ತಳ್ಳಿ ಕಾಪಾಡಿಕೊಂಡ ಗಂಡನನ್ನು ತಬ್ಬಿಕೊಂಡು ಅಮ್ಮ ಅಳುವುದನ್ನು ನೋಡಿ ನನಗೆ ಅಯ್ಯೋ ಅನ್ನಿಸಲಿಲ್ಲ.

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದ್ದಳು. ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ನಾನು ಹಿಂದೆಯೇ ಓಡಿದೆ.

"ಚೆನ್ನಾಗ್ ಬಂತಾ?" ಅಂದಳು.

ತೋರಿಸಿದೆ. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ, ಕ್ಯಾಮೆರಾ ಕೈಗೆ ತೆಗೆದುಕೊಂಡು ಸೆರಗನ್ನು ಮರೆ ಮಾಡಿ ಬಗ್ಗಿ ನೋಡಿದಳು. ಅಮ್ಮನನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. ನಡುವೆ ಅಪ್ಪ ಇದ್ದ. ಬಾಯಿ ಅರ್ಧ ತೆರೆದಿತ್ತು, ಕತ್ತು ಪೂರ್ತಿ ಹೊರಳಿತ್ತು, ಕಣ್ಣು ಚೌಕಟ್ಟಿನಾಚೆ ಅವಳು ಹೋದ ಕಡೆಗೇ ಇತ್ತು.

"ನೋಡು, ನಮ್ಮಣ್ಣ ನನ್ ಕಡೆ ನೋಡ್ತಾವ್ನೆ" ಅಂದಳು ಅತ್ತೆ. "ಸಾಯ್ತೀನಿ ಅಂತ ಭಯ ಆದ್ಮೇಲೆ ನೋಡ್ತಾವ್ನೆ."

ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಕುಣಿಗಲ್ ಬಸ್ಸಿಗೆ ಹೊತ್ತಾಯಿತು ಅಂತ ನಡೆದಳು. ತಿರುಗಿ ನೋಡಲಿಲ್ಲ.