ಒರೆಸಿದ ಮುಖ

ನಮ್ಮಮ್ಮ ಸಿಟ್ಟು ಬಂದರೆ ಬೈಯುವವಳಲ್ಲ. ಮುಖದ ಮೇಲಿನ ಭಾವವನ್ನೆಲ್ಲ ಒರೆಸಿಹಾಕಿ ಸುಮ್ಮನೆ ನೋಡುತ್ತಾಳೆ. ಅಪ್ಪ ಆ ಮುಖಕ್ಕೆ ಹೆದರಿಯೇ ಬಾಳು ಸವೆಸಿದ. ನಾನು ಇಂದಿಗೂ ಅದನ್ನು ಕಂಡರೆ ಎದ್ದು ಹೊರಗೆ ಹೋಗಿಬಿಡುತ್ತೇನೆ. ಹೆದರದವಳು ಅತ್ತಿಗೆ ಒಬ್ಬಳೇ. ಅವಳ ತವರಿನಲ್ಲಿ ಜಗಳವೆಂದರೆ ಬೀದಿಗೆಲ್ಲ ಕೇಳುತ್ತಿತ್ತಂತೆ, ಊಟದ ಹೊತ್ತಿಗೆ ಎಲ್ಲ ತಣ್ಣಗೆ.

ಅತ್ತಿಗೆ ಶಾಲೆ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಿದ್ದಳು. ಮಗಳಿಗೆ ಐದು ತಿಂಗಳಾದಾಗ ಮತ್ತೆ ಕೆಲಸಕ್ಕೆ ಹೋಗುತ್ತೇನೆಂದಳು. ಬೆತ್ತದ ಕುರ್ಚಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಮ್ಮ ಮುಖ ಒರೆಸಿಬಿಟ್ಟಳು. ಕೋಪ ಸೊಸೆಯ ಮೇಲೆ, ಎದುರಿಗಿದ್ದದ್ದು ಮಗು. ಅದು ನಕ್ಕಿತು, ಕೂಗು ಹಾಕಿತು, ಕೈ ಬಡಿಯಿತು. ಅಜ್ಜಿಯ ಮುಖ ಕದಲಲಿಲ್ಲ. ಮಗು ಕತ್ತು ಹೊರಳಿಸಿ ಮುಷ್ಟಿ ಬಿಗಿಯಿತು. ಬಿಕ್ಕಳಿಕೆ ಹತ್ತಿ, ಮೈಯೆಲ್ಲ ಕೆಂಪಾಗಿ ಅತ್ತಿತು.

“ಹಾಲುಗೂಸಿಗೇನು ಗೊತ್ತಾಗುತ್ತೆ? ನಾಳೆಗೆ ಮರೆತುಬಿಡುತ್ತೆ,” ಎಂದ ಅಣ್ಣ.

ಮಾರನೆಯ ದಿನ ಅಮ್ಮ ಚಿಕ್ಕಮ್ಮನ ಮನೆಗೆ ಹೋದವಳು ಹದಿನೈದು ದಿನ ಬಿಟ್ಟು ಬಂದಳು. ಸಿಟ್ಟು ಇಳಿದಿತ್ತು. ನಗುನಗುತ್ತಲೇ ಮಗುವನ್ನು ಎತ್ತಿಕೊಂಡು ಅದೇ ಕುರ್ಚಿಯಲ್ಲಿ ಕೂತಳು. ಕೂತದ್ದೇ ತಡ, ಮಗುವಿನ ಮುಷ್ಟಿ ಬಿಗಿಯಿತು, ಬಿಕ್ಕಳಿಕೆ ಶುರುವಾಯಿತು.

ಅತ್ತಿಗೆ ಮಗುವನ್ನು ತೆಗೆದುಕೊಂಡಳು. “ನೋಡಿದ್ರಾ, ಮರೆತಿಲ್ಲ. ಅತ್ತೆ, ಸಿಟ್ಟಿದ್ರೆ ನನ್ನನ್ನ ಬಾಯ್ತುಂಬ ಬೈಯಿರಿ. ಆ ಮುಖ ಮಾತ್ರ ಇವಳಿಗೆ ತೋರಿಸಬೇಡಿ. ನೀವು ಇದಕ್ಕೆ ಒಪ್ಪೋವರೆಗೂ ಇವಳು ನನ್ನ ಜೊತೆ ಅಂಗಡಿಗೆ ಬರ್ತಾಳೆ.”

“ಅಮ್ಮನಿಗೇ ಎದುರು ಮಾತಾಡ್ತೀಯಾ?” ಅಣ್ಣ ರೇಗಿದ.

“ಆಡ್ತೀನಿ. ಈ ಮನೇಲಿ ಯಾರಾದ್ರೂ ಮಾತಾಡಬೇಕಲ್ಲ.”

ಅಮ್ಮನ ಮುಖ ಮತ್ತೆ ಕಲ್ಲಾಯಿತು. ಅತ್ತಿಗೆ ತಿರುಗಿಯೂ ನೋಡದೆ ಹೊರಟಳು. ಅಂಗಡಿಯಲ್ಲಿ ಬಟ್ಟೆ ತುಂಬುವ ಬುಟ್ಟಿಗೆ ಹಳೆ ಹೊದಿಕೆ ಹಾಸಿ ಮಗುವನ್ನು ಮಲಗಿಸಿದಳು. ಮಾಲೀಕ ಒಂದಿಷ್ಟು ಗೊಣಗಿ ತನ್ನ ಕೆಲಸಕ್ಕೆ ತಿರುಗಿದ.

ವಾರ ಕಳೆಯುವುದರೊಳಗೆ ಅಮ್ಮ ನನ್ನನ್ನು ಕರೆದುಕೊಂಡು ಅಂಗಡಿಗೆ ನಡೆದಳು. ಬುಟ್ಟಿಯ ಮೇಲೆ ಬಗ್ಗಿ ಅದೇ ಕಲ್ಲುಮುಖದಲ್ಲಿ ನೋಡಿದಳು. ಮಗುವಿನ ಮುಷ್ಟಿ ಬಿಗಿಯಿತು. ಅಮ್ಮನ ತುಟಿ ನಡುಗಿತು. ಆಮೇಲೆ ಕಟ್ಟೆ ಒಡೆಯಿತು.

“ಮಾನಗೆಟ್ಟವಳೇ, ಕೂಸನ್ನ ಈ ಧೂಳಲ್ಲಿ ಮಲಗಿಸಿದೀಯಲ್ಲ, ಮನೇಲಿ ನಾನೇನು ಸತ್ತುಹೋಗಿದ್ನಾ?”

ಬಾಯಿ, ಕಣ್ಣು, ಹುಬ್ಬು ಎಲ್ಲ ಕುಣಿಯುತ್ತಿದ್ದವು. ಮಗು ಪಿಳಿಪಿಳಿ ನೋಡಿತು. ಮುಷ್ಟಿ ಸಡಿಲವಾಯಿತು.

ಅತ್ತಿಗೆ ಕೈಯಲ್ಲಿನ ಅಂಗಿಯಿಂದ ತಲೆಯೆತ್ತಲಿಲ್ಲ. “ಇನ್ನೂ ಬೈಯಿರಿ, ಅತ್ತೆ. ಇವಳು ಕೇಳ್ತಿದ್ದಾಳೆ.”

ಅಮ್ಮ ಬೈದೇ ಬೈದಳು. ಆ ಕಲ್ಲುಮುಖವನ್ನೇ ನೋಡುತ್ತ ಬೆಳೆದ ನನಗೆ, ಪಕ್ಕದಲ್ಲಿ ನಿಂತು, ಆ ಮಗುವಿನ ಮೇಲೆ ಹೊಟ್ಟೆಕಿಚ್ಚಾಯಿತು.