ಹೆಸರು ಬಿಚ್ಚಿದ ಅಂಗಿ

ಶಂಕರಮ್ಮ ಹೊಲಿದ ಹೆಸರು ಎಷ್ಟು ಒಗೆದರೂ ಸುಕ್ಕುಗಟ್ಟುತ್ತಿರಲಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಅವಳದು ಒಂದೇ ಎಂಬ್ರಾಯ್ಡರಿ ಮಿಷನ್ನಿನ ಸಣ್ಣ ಅಂಗಡಿ. ದೊಡ್ಡ ಅಂಗಡಿಗಳಿಗೆ ಕೊಟ್ಟು ಬಟ್ಟೆ ಕೆಡಿಸಿಕೊಂಡವರು ಕೊನೆಗೆ ಅವಳ ಹತ್ತಿರವೇ ಬರುತ್ತಿದ್ದರು. ದಿನಾ ಬೆಳಿಗ್ಗೆ ಗಂಡ ಹೆಂಡತಿ ಭದ್ರಾವತಿಯಲ್ಲಿ ಒಂದೇ ಬಸ್ಸು ಹತ್ತುತ್ತಿದ್ದರು. ಗಂಡ ಉಜ್ಜನಪ್ಪ ಮಾಚೇನಹಳ್ಳಿಯಲ್ಲಿ ಇಳಿದು ವರ್ಕ್‌ಶಾಪಿಗೆ ಹೋದರೆ ಅವಳು ಶಿವಮೊಗ್ಗಕ್ಕೆ ಮುಂದುವರಿಯುತ್ತಿದ್ದಳು. ಆ ವರ್ಕ್‌ಶಾಪಿನ ಲೇತ್ ಯಂತ್ರದ ಮುಂದೆ ಅವನು ಕೆಲಸಕ್ಕೆ ನಿಂತು ಹತ್ತೊಂಬತ್ತು ವರ್ಷವಾಗಿತ್ತು.

ವರ್ಕ್‌ಶಾಪಿಗೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭಕ್ಕೆ ನಲವತ್ತು ನೀಲಿ ಅಂಗಿಗಳ ಕೆಲಸ ಶಂಕರಮ್ಮನಿಗೇ ಬಂತು. ಒಂದೊಂದು ಅಂಗಿಯ ಎದೆಯ ಮೇಲೂ ಒಬ್ಬೊಬ್ಬ ಕೆಲಸಗಾರನ ಹೆಸರು. ಗಂಡನದನ್ನು ಕೊನೆಗೆ ಇಟ್ಟುಕೊಂಡು, ಉಳಿದವಕ್ಕಿಂತ ಒತ್ತಾಗಿ ಹೊಲಿದಳು.

ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ವರ್ಕ್‌ಶಾಪಿನ ಮಾಲೀಕ ವಿಷ್ಣುಪ್ರಸಾದ ತಾನೇ ಒಂದು ಚೀಲ ಹಿಡಿದು ಅಂಗಡಿಗೆ ಬಂದ. ಒಳಗೆ ಅವಳೇ ಹೊಲಿದ ಆರು ಅಂಗಿಗಳಿದ್ದವು. ಹೊಸ ಮಿಷನ್ ಬರುತ್ತಿವೆ, ಆರು ಜನ ಹಳಬರನ್ನು ಬಿಡಿಸಿ ಹುಡುಗರನ್ನು ತೆಗೆದುಕೊಳ್ಳುತ್ತಿದ್ದೇನೆ, ಇವುಗಳ ಹೆಸರು ಬಿಚ್ಚಿ ಹೊಸ ಹೆಸರು ಹಾಕಿಕೊಡಿ ಎಂದ. ಮೂರನೆಯ ಅಂಗಿ ಉಜ್ಜನಪ್ಪನದಾಗಿತ್ತು.

“ಸಾರ್, ಇದು ನಮ್ಮನೆಯವರದ್ದು.”

“ಗೊತ್ತು ಶಂಕರಮ್ಮ. ಬೇರೆಯವ್ರಿಗೆ ಕೊಟ್ರೆ ತೂತು ಉಳಿಯುತ್ತೆ. ನಿಮ್ಮ ಕೈಲಾದ್ರೆ ನೀಟಾಗಿರುತ್ತೆ.”

ಶನಿವಾರದ ಸಮಾರಂಭದ ತನಕ ಗಂಡನಿಗೆ ಹೇಳಕೂಡದು, ಅವನ ಕೈಯಲ್ಲಿರುವ ಕೆಲಸ ಮುಗಿಯಬೇಕು ಎಂದ. ಬಾಯಿ ಬಿಡದಿದ್ದರೆ ಅವನನ್ನು ವಾಚ್‌ಮನ್ ಆಗಿ ಇಟ್ಟುಕೊಳ್ಳುವ ಯೋಚನೆ ಮಾಡುತ್ತೇನೆ ಎಂದೂ ಸೇರಿಸಿದ. ಶಂಕರಮ್ಮ ಆ ಮಾತನ್ನು ನಂಬಿದಳು. ನಂಬದೆ ಆ ನಾಲ್ಕು ದಿನ ಕಳೆಯುವುದು ಅವಳಿಂದ ಆಗುತ್ತಿರಲಿಲ್ಲ.

ಅಂಗಿಗಳನ್ನು ಒಳಮಗ್ಗುಲಿಗೆ ತಿರುಗಿಸಿ, ಬ್ಲೇಡಿನಿಂದ ದಾರ ಕೊಯ್ದು, ಚಿಮಟದಲ್ಲಿ ಎಳೆ ಎಳೆಯಾಗಿ ಕಿತ್ತಳು. ಐದು ಹೆಸರು ಒಂದು ಮಧ್ಯಾಹ್ನದಲ್ಲಿ ಹೋದವು. ಗಂಡನದಕ್ಕೆ ಒಂದು ಪೂರ್ತಿ ದಿನ ಹಿಡಿಯಿತು. ಅದರ ಮೇಲೆ ಬರಬೇಕಾದ ಹೆಸರು ಅಭಯ. ಅದು ಚಿಕ್ಕದು, ಪಕ್ಕದಲ್ಲಿ ಉಳಿಯುವ ಬರಿಯ ಬಟ್ಟೆಯಲ್ಲಿ ಏನೂ ಕಾಣಬಾರದು. ನೀರು ಚಿಮುಕಿಸಿ, ಸೂಜಿಯ ತೂತು ಮುಚ್ಚುವವರೆಗೆ ಉಗುರಿನಿಂದ ಉಜ್ಜಿ, ಇಸ್ತ್ರಿ ಮಾಡಿ, ಹೊಸ ಹೆಸರು ಹೊಲಿದಳು.

ಶುಕ್ರವಾರ ವಿಷ್ಣುಪ್ರಸಾದ ಫೋನ್ ಮಾಡಿ, ಚೀಲವನ್ನು ಬೆಳಿಗ್ಗೆ ಉಜ್ಜನಪ್ಪನ ಕೈಯಲ್ಲೇ ಕಳಿಸಿ ಎಂದ. ಅವಳು ಚೀಲದ ಬಾಯಿ ಹೊಲಿದು ಮನೆಗೆ ತಂದಳು. ಮರುದಿನ ಬಸ್ಸಿನಲ್ಲಿ ಉಜ್ಜನಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಂಗಿ ಹಾಕಿಕೊಂಡು ಫೋಟೊ ತೆಗೆಸಿ ತಂಗಿಗೆ ಕಳಿಸಬೇಕು ಎನ್ನುತ್ತಿದ್ದ. ಶಂಕರಮ್ಮ ಕಿಟಕಿಯ ಆಚೆ ನೋಡಿದಳು. ಮಾಚೇನಹಳ್ಳಿ ಬಂತು, ಅವನು ಚೀಲ ಹೆಗಲಿಗೇರಿಸಿ ಇಳಿದ.

ಸಂಜೆಯ ಸಮಾರಂಭಕ್ಕೆ ಅವಳನ್ನೂ ಕರೆದಿದ್ದರು. ಹೆಸರು ಕೂಗಿ ಅಂಗಿ ಹಂಚಿದರು. ಕೊನೆಯ ತನಕ ಕಾದ ಉಜ್ಜನಪ್ಪ ವೇದಿಕೆಯ ಹತ್ತಿರ ಹೋಗಿ, ನನ್ನದು ಬಿಟ್ಟುಹೋಗಿದೆ ಎಂದ. ವಿಷ್ಣುಪ್ರಸಾದ ಸೋಮವಾರದಿಂದ ಬರುವುದು ಬೇಡವೆಂದು ಅಲ್ಲೇ, ಎಲ್ಲರ ಎದುರಿಗೇ ಹೇಳಿದ. ಆಮೇಲೆ ಅಭಯನನ್ನು ಹತ್ತಿರ ಎಳೆದು ಅತಿಥಿಗಳಿಗೆ ಅವನ ಎದೆ ತೋರಿಸಿದ.

“ಇಲ್ಲಿ ಮೊದ್ಲು ಉಜ್ಜನಪ್ಪನ ಹೆಸರಿತ್ತು. ಹುಡುಕಿ ನೋಡಿ, ಗುರುತೇ ಸಿಗಲ್ಲ. ಶಂಕರಮ್ಮನ ಕೆಲಸ ಅಂದ್ರೆ ಹಂಗೆ.”

ಅತಿಥಿಯೊಬ್ಬರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಇಬ್ಬರು ಚಪ್ಪಾಳೆ ತಟ್ಟಿದರು.

ಬಸ್‌ಸ್ಟಾಪಿನಲ್ಲಿ ಉಜ್ಜನಪ್ಪ ಕೇಳಿದ, “ನಿಂಗೆ ಯಾವಾಗ ಗೊತ್ತಾಯ್ತು?”

“ಮಂಗಳವಾರ.”

“ಬ್ಯಾಗು ನನ್ ಕೈಲೇ ಹೊರಿಸ್ದೆ.”

ವಾಚ್‌ಮನ್ ಕೆಲಸದ ಆಸೆ ತೋರಿಸಿದ್ದರು ಎಂದು ಅವಳು ಹೇಳಿದಳು. ಅವನು ಬಸ್ಸು ಬರುವ ಕಡೆ ತಿರುಗಿ ನಿಂತ. ಸೋಮವಾರ ಅವಳು ವಿಚಾರಿಸಿದಾಗ ವಿಷ್ಣುಪ್ರಸಾದನಿಗೆ ಅಂಥ ಮಾತು ಆಡಿದ ನೆನಪೇ ಇರಲಿಲ್ಲ.

ಉಜ್ಜನಪ್ಪ ಈಗ ಭದ್ರಾವತಿಯಲ್ಲೇ ಕಿಟಕಿ ಗ್ರಿಲ್ ಮಾಡುವ ಶೆಡ್ಡಿಗೆ ಹೋಗುತ್ತಾನೆ. ಶಂಕರಮ್ಮನಿಗೆ ವರ್ಕ್‌ಶಾಪಿನ ಕೆಲಸ ಇನ್ನೂ ಬರುತ್ತದೆ, ಅವಳು ಮಾಡಿಕೊಡುತ್ತಾಳೆ. ಮನೆಯಲ್ಲಿ ಇಬ್ಬರೂ ಊಟಕ್ಕೆ ಒಟ್ಟಿಗೇ ಕೂರುತ್ತಾರೆ. ಆದರೆ ಅಂಗಿಯ ಗುಂಡಿ ಕಿತ್ತುಹೋದರೆ ಅವನು ಪಕ್ಕದ ಬೀದಿಯ ದರ್ಜಿಗೆ ಕೊಟ್ಟು ಹಾಕಿಸಿಕೊಳ್ಳುತ್ತಾನೆ.