ಗ್ರೀಸ್ ಹಚ್ಚಿಟ್ಟ ಪಂಪುಗಳು

ಕಾಂತರಾಜಣ್ಣನ ಮೇಲೆ ನನಗೆ ಇಪ್ಪತ್ತು ವರ್ಷದ ಸಿಟ್ಟಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನನ್ನು ಹೊಗಳಿದಂತೆ ಕಂಡರೆ ಅದು ನನ್ನ ತಪ್ಪಲ್ಲ. ಚಿನ್ನದ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ ಸಾಲುಮನೆ, ಈ ನಂದಿದುರ್ಗದ ಲೈನಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿ ಸುಕನ್ಯಕ್ಕನೂ ನಾನೂ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಒಂದು ಆಫೀಸು ಕಟ್ಟಡದಲ್ಲಿ ನೆಲ ಒರೆಸಿ, ಕಕ್ಕಸು ತೊಳೆದು ಬರುತ್ತಿದ್ದೆವು. ಅವನು ಮನೆಯಲ್ಲಿರುತ್ತಿದ್ದ. ಗಣಿ ಮತ್ತೆ ತೆರೆಯಲಿ ಅಂತ ಕಾಯುತ್ತಿದ್ದ.

ಅವನ ಊರು ಕಾಮಸಮುದ್ರದ ಕಡೆ. ಅಪ್ಪನಿಗೆ ರಾಗಿ ಹೊಲ, ಎರಡು ಎಮ್ಮೆ. ಇವನು ಇಪ್ಪತ್ತನೇ ವಯಸ್ಸಿಗೆ ಗಣಿಗೆ ಸೇರಿದ. ಕಲ್ಲು ಒಡೆಯುವ ಕೆಲಸವಲ್ಲ, ನೀರೆತ್ತುವ ಪಂಪಿನ ಕೆಲಸ. ಅಷ್ಟು ಆಳದಲ್ಲಿ ನೀರು ಒಸರುತ್ತಲೇ ಇರುತ್ತದೆ. ಕೆಳಗಿನ ಪಂಪು ಮೇಲಿನ ತೊಟ್ಟಿಗೆ ಎತ್ತಬೇಕು, ಅಲ್ಲಿನ ಪಂಪು ಅದಕ್ಕೂ ಮೇಲಿನದಕ್ಕೆ. ಮನೆ ಕಟ್ಟುವಾಗ ಮಣ್ಣಿನ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ಹಬ್ಬವಿರಲಿ, ಮುಷ್ಕರವಿರಲಿ, ಪಂಪು ನಿಲ್ಲುವಂತಿಲ್ಲ.

"ಚಿನ್ನ ತೆಗಿಯೋರು ಒಂದಿನ ಮಲಗ್ಬೋದು, ನಾವು ಮಲಗಂಗಿಲ್ಲ" ಅಂತ ಮೊನ್ನೆಮೊನ್ನೆಯವರೆಗೂ ಎದೆ ಉಬ್ಬಿಸುತ್ತಿದ್ದ.

ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ ಶಿವನಸಮುದ್ರದ ಕರೆಂಟು ನಮ್ಮ ಗಣಿಗೆ ಬಂದಿತ್ತು ಅನ್ನುವುದನ್ನು ಅವನ ಬಾಯಿಂದ ಕೇಳದವರು ಈ ಲೈನಿನಲ್ಲಿಲ್ಲ. ಆದರೆ ಆಳಕ್ಕೆ ಹೋದಷ್ಟೂ ಕಲ್ಲಿನಲ್ಲಿ ಚಿನ್ನ ಕಮ್ಮಿಯಾಯಿತು, ನೀರು ಎತ್ತುವ, ಗಾಳಿ ಇಳಿಸುವ ಖರ್ಚು ಏರಿತು ಅನ್ನುವುದನ್ನು ಅವನು ಹೇಳುತ್ತಿರಲಿಲ್ಲ. ಗೊಡ್ಡು ಹಸುವಿಗೆ ಎಷ್ಟು ದಿನ ಬೂಸಾ ಹಾಕುತ್ತಾರೆ? ೨೦೦೧ರಲ್ಲಿ ಗಣಿ ಮುಚ್ಚಿತು.

ಪಂಪಿನವರಲ್ಲಿ ಒಂದು ಪದ್ಧತಿ ಇತ್ತಂತೆ. ನೀರು ಏರಿ ಪಂಪು ಮುಳುಗುತ್ತದೆ ಅಂತ ಗೊತ್ತಾದರೆ, ಬಿಟ್ಟು ಬರುವ ಮುಂಚೆ ಅದರ ಮೈಗೆಲ್ಲ ಬೆರಳು ದಪ್ಪ ಗ್ರೀಸ್ ಮೆತ್ತಿ, ಗೋಣಿ ಸುತ್ತಿ ಬಿಗಿಯಬೇಕು. ವಾರವೋ ತಿಂಗಳೋ ಕಳೆದು ನೀರಿಳಿದ ಮೇಲೆ ಒರೆಸಿದರೆ ಮತ್ತೆ ಓಡುತ್ತದೆ. ಕೊನೆಯ ಪಾಳಿಯ ದಿನ ಯಾರೂ ಹೇಳದಿದ್ದರೂ ಕಾಂತರಾಜಣ್ಣ ಮೂರು ಪಂಪಿಗೆ ಒಬ್ಬನೇ ಗ್ರೀಸ್ ಹಚ್ಚಿದ. ಮೇಲೆ ಬಂದು ಹೆಂಡತಿಗೆ, "ಭದ್ರ ಮಾಡಿ ಬಂದಿವ್ನಿ ಕಣೇ. ತಿರ್ಗಾ ತೆಗೆದ ದಿನ ನನ್ನೇ ಕರೀಬೇಕು" ಅಂದ.

ತಿಂಗಳ ಮಟ್ಟಿಗೆ ಹಚ್ಚುವ ಗ್ರೀಸನ್ನು ಅವನು ಇಪ್ಪತ್ನಾಲ್ಕು ವರ್ಷ ನಂಬಿದ. ಬಂಗಾರಪೇಟೆಯಲ್ಲಿ ಬೋರ್‌ವೆಲ್ ಪಂಪು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. "ಸ್ವಿಚ್ ಒತ್ತೋಕೆ ನಾನ್ಯಾಕೆ?" ಅಂತ ಬಿಟ್ಟ. ಅವನು ಅಲ್ಲಿಗೆ ಹೋದ ಹೊತ್ತಿಗೇ ಗಣಿಯವರು ಕರೆದುಬಿಟ್ಟರೆ? ಎಲೆಕ್ಷನ್ ಬಂದಾಗಲೆಲ್ಲ ಯಾರಾದರೂ ಬಂದು ಮೂಗಿಗೆ ತುಪ್ಪ ಸವರಿ ಹೋಗುತ್ತಿದ್ದರು. "ಕಾಯ್ಕೊಂಡು ಕೂತ್ಕೋ, ಬತ್ತದೆ ನಿನ್ ಗಣಿ" ಅಂತ ಸುಕನ್ಯಕ್ಕ ಬೈದು ರೈಲಿಗೆ ಹೊರಡುತ್ತಿದ್ದಳು.

ಈ ವರ್ಷ ಅವಳ ಮಂಡಿ ಎರಡೂ ಸೋತವು. ಸ್ಟೇಷನ್ನಿನ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದಳು. ನಿಂತು ಮಾಡುವ ಕೆಲಸ ಬಿಡಲೇಬೇಕು ಅಂದರು ಡಾಕ್ಟರು. ಬಿಟ್ಟರೆ ಒಲೆ ಹತ್ತುವುದಿಲ್ಲ. ಕಾಂತರಾಜಣ್ಣ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಇನ್ನೊಂದು ವರ್ಷ ಕಣೇ, ಗಣಿ ತೆಗೀಲಿ, ನಿನ್ನ ಮನೇಲಿ ಕೂರಿಸ್ತೀನಿ" ಅನ್ನುತ್ತಿದ್ದ. ಗೋಡೆಯಾಚೆಯಿಂದ ಕೇಳಿ ನನಗೆ ಮೈ ಉರಿಯುತ್ತಿತ್ತು.

ಹೋದ ತಿಂಗಳು ಯಾವುದೋ ಕಂಪನಿಯವರು ಗಣಿ ಜಾಗದ ಅಳತೆಗೆ ಬಂದರು. ಅವನು ಗಡ್ಡ ಹೆರೆದು, ಹಳೇ ಖಾಕಿ ಅಂಗಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ. ಅವತ್ತು ಭಾನುವಾರ.

"ನೀನೂ ಬಾ ರಾಧಮ್ಮ. ಆಪೀಸಿನೋರ ಮಾತು ನಿಂಗೆ ಅರ್ಥ ಆಯ್ತದೆ."

ಕಕ್ಕಸು ತೊಳೆಯುವವಳಿಗೆ ಆಫೀಸಿನ ಮಾತು ಬರುತ್ತದೆ ಅಂತ ಅವನ ಲೆಕ್ಕ. ಹೋದೆ.

ಅಲ್ಲಿದ್ದ ಇಂಜಿನಿಯರು ಲಿಖಿತ ಅಂತ, ನನ್ನ ಮಗಳ ವಯಸ್ಸಿನ ಹುಡುಗಿ. ಕುರ್ಚಿ ಹಾಕಿಸಿ ಕೂರಿಸಿದಳು. ಯಾವ ಹಂತದಲ್ಲಿ ಯಾವ ಪಂಪು, ಯಾವ ಕೊಳವೆ ಎಲ್ಲಿ ತಿರುಗುತ್ತದೆ, ಇವನು ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದ. ಗ್ರೀಸಿನ ವಿಷಯವನ್ನೂ ಹೇಳಿದ. ಅವಳು ಪೂರ್ತಿ ಕೇಳಿದಳು.

"ಯಜಮಾನ್ರೇ, ನಾವು ಕೆಳಗಿಳಿಯೋಕೆ ಬಂದಿಲ್ಲ. ಚಿನ್ನ ತೆಗೆದು ಉಳಿದಿದ್ದನ್ನ ಸುರಿದಿರೋ ಈ ಸೈನೈಡ್ ದಿಬ್ಬದ ಮಣ್ಣಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ, ಅದನ್ನ ತೆಗೆಯೋಕಾಗುತ್ತಾ ಅಂತ ನೋಡ್ತಿದ್ದೀವಿ. ಒಳಗಿನ ನೀರೆತ್ತೋ ಖರ್ಚಿಗೆ ಅಲ್ಲಿರೋ ಚಿನ್ನ ಸಾಲಲ್ಲ. ಅದನ್ನ ನಾವು ತೆರೆಯಲ್ಲ, ಬೇರೆಯವರು ತೆರೀತಾರೆ ಅಂತಾನೂ ನನಗನ್ನಿಸಲ್ಲ."

"ಪಂಪು?"

"ಇಷ್ಟು ವರ್ಷ ನೀರಲ್ಲಿ ಗ್ರೀಸ್ ನಿಲ್ಲಲ್ಲ."

"ಬೆರಳು ದಪ್ಪ ಅಚ್ಚಿದ್ದೆ ತಾಯಿ" ಅಂದ.

ಅವಳು ತಲೆ ತಗ್ಗಿಸಿದಳು. ಇವನಿಗೆ ಎರಡು ಬಾರಿಸಬೇಕು ಅಂತ ಅಷ್ಟು ವರ್ಷದಿಂದ ಕಾದಿದ್ದ ನನಗೆ ಅಳು ಬಂತು.

ಮನೆಗೆ ಬಂದಾಗ ಸುಕನ್ಯಕ್ಕ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. 'ನಾನು ಹೇಳಿರ್ಲಿಲ್ವಾ' ಅಂತ ಶುರು ಮಾಡುತ್ತಾಳೆ ಅಂದುಕೊಂಡೆ.

"ತೆಗಿಯಲ್ವಂತೆ" ಅಂದ ಅವನು.

"ಈ ವರ್ಷಾನಾ?"

"ಯಾವತ್ತೂ."

ಅವಳ ಕೈ ನಿಂತಿತು. ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದಳು. "ಬಾಯಿಗೆ ಬಂದಂಗೆ ಬೈತಿದ್ದೆ, ನಿಜ. ಆದ್ರೆ ಭದ್ರ ಮಾಡಿ ಬಂದಿವ್ನಿ ಅಂದಿದ್ಯಲ್ಲ, ಅದನ್ನ ನಂಬಿದ್ದೆ ಕಣೋ. ಇವತ್ತಲ್ಲ ನಾಳೆ ಈ ಕೆಲ್ಸ ಬಿಡ್ತೀನಲ್ಲ ಅಂತ್ಲೇ ದಿನಾ ರೈಲು ಅತ್ತುತ್ತಿದ್ದೆ."

ನಂಬಿದ ಹುಚ್ಚ ಅವನೊಬ್ಬನೇ ಅಂತ ನಾನು ತಿಳಿದಿದ್ದೆ. ಅವನೂ ಹಾಗೇ ತಿಳಿದಿದ್ದ ಅಂತ ಅವನ ಮುಖ ನೋಡಿ ಗೊತ್ತಾಯಿತು.

ಮಾರನೇ ದಿನ ರೈಲಿಗೆ ಅಕ್ಕನನ್ನು ಕರೆಯಲು ಅವರ ಬಾಗಿಲು ತಟ್ಟಿದರೆ ಕಾಂತರಾಜಣ್ಣ ಹೊರಗೆ ಬಂದ. "ಅವ್ಳ ಕೈಲಿ ಏಳೋಕಾಗ್ತಿಲ್ಲ. ನಾನು ಬತ್ತೀನಿ."

"ಕಕ್ಕಸು ತೊಳೀಬೇಕಣ್ಣ."

"ಗೊತ್ತು, ನಡಿ."

ಬಂಗಾರಪೇಟೆಯಲ್ಲಿ ಜನ ನುಗ್ಗಿದರು. ಅವನು ಕಂಬಿ ಹಿಡಿದು ಬೆಂಗಳೂರಿನವರೆಗೂ ನಿಂತೇ ಬಂದ. ಸೂಪರ್‌ವೈಸರ್ ವೇಣು ಇವನನ್ನು ಮೇಲಿಂದ ಕೆಳಗೆ ನೋಡಿದ. ಅಕ್ಕನ ಬದಲಿಗೆ ಬಂದಿದ್ದಾನೆ ಅಂತ ನಾನು ಹೇಳಿದೆ.

"ಆಗ್ಲಿ, ಒಂದು ವಾರ ನೋಡೋಣ. ಮುಂಚೆ ಎಲ್ಲಿ ಕೆಲಸ ಮಾಡ್ತಿದ್ರಿ ಯಜಮಾನ್ರೇ?"

ಇವನು ಗಣಿ, ಕರೆಂಟು, ಶಿವನಸಮುದ್ರ ಅಂತ ಶುರು ಮಾಡಿದರೆ ಏನು ಗತಿ ಅಂತ ನಾನು ಹೆದರಿದೆ. ಅವನು ಕೈಕಟ್ಟಿ ನಿಂತ.

"ಎಲ್ಲೂ ಇಲ್ಲ ಸಾರ್. ಇದೇ ಮೊದ್ಲು."